ಮಣ್ಣು, ಕಡ್ಡಿ, ರದ್ದಿ ಕಾಗದ

ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಬಂದು ಶಾಲೆಗೆ ಬೀಗ ಬಿದ್ದರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ನಡುವಿನ ಈ ದಿನಗಳಿಗಾಗಿ ಊರೂರಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ. ಕರಪತ್ರ ತೆಗೆದು ನೋಡಿದರೆ ಕರಾಟೆ, ವೇದಗಣಿತ, ಚಿತ್ರಕಲೆ, ವ್ಯಕ್ತಿತ್ವ ವಿಕಸನ ಎಂದು ಮಾರುದ್ದದ ಪಟ್ಟಿ. ನನಗೆ ಮೆಚ್ಚುಗೆಯಾಗುವುದು ಪಟ್ಟಿ ಗಿಡ್ಡವಾಗಿರುವ ಶಿಬಿರ. ಬೆಳಗ್ಗೆ ಮಣ್ಣು, ಆಮೇಲೆ ಕಡ್ಡಿ, ಊಟ ಮುಗಿದ ಮೇಲೆ ಮುಖವಾಡ. ನಮ್ಮ ಊರಿನ ಶಿಬಿರದಲ್ಲಿ ಒಂದು ದಿನಕ್ಕೆ ಇಷ್ಟೇ. ಇಷ್ಟಕ್ಕೇ ಸಂಜೆಯಾಗುತ್ತದೆ.

ಮಣ್ಣಿನ ಪಾಠ ಹೇಳುವವರು ಕುಂಬಾರಿಕೆಯಲ್ಲೇ ಬಾಳು ಕಳೆದ ಅಜ್ಜ. ಕೆರೆಯಂಗಳದ ಜೇಡಿಮಣ್ಣನ್ನು ಮೊದಲೇ ನೆನೆಹಾಕಿ, ಕಲ್ಲು, ಬೇರು ಆರಿಸಿ ತಂದಿರುತ್ತಾರೆ. ಆದರೂ ಅದನ್ನು ಮಕ್ಕಳಿಂದ ಮತ್ತೆ ತುಳಿಸುತ್ತಾರೆ, ನಾದಿಸುತ್ತಾರೆ. ಒಳಗೆ ಗಾಳಿ ಉಳಿದರೆ, ಹರಳು ಉಳಿದರೆ ಆವಿಗೆಯ ಬೆಂಕಿಯಲ್ಲಿ ಮಡಕೆ ಸೀಳುತ್ತದೆ. ಇದನ್ನು ಅವರು ಭಾಷಣ ಮಾಡಿ ಹೇಳುವುದಿಲ್ಲ. ಸೀಳಿದ ಒಂದು ಕುಡಿಕೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ಅಷ್ಟೆ.

ತಿಗರಿಯ ಮುಂದೆ ಕೂತ ಹುಡುಗಿಯೊಬ್ಬಳ ಕೈಯಲ್ಲಿ ಮಣ್ಣಿನ ಮುದ್ದೆ ಒಂದೇ ಸಮನೆ ಓಲಾಡುತ್ತಿತ್ತು.

“ಅಜ್ಜಾ, ಇದು ನಿಲ್ತಾನೇ ಇಲ್ಲ.”

“ಅದು ನಿಲ್ಲಲ್ಲ ಮಗಾ, ಮೊದಲು ನೀನು ನಿಲ್ಲಬೇಕು. ಮೊಣಕೈ ತೊಡೆಗೆ ಒತ್ಕೊ. ಕೈ ನೆನೆಸ್ಕೊ.”

ಅವಳು ಮೊಣಕೈ ಊರಿದಳು. ಅಂಗೈ ಅಲುಗುವುದು ನಿಂತಿತು, ಮುದ್ದೆಯೂ ನಡುವಿಗೆ ಬಂದು ಕೂತಿತು. ಹೆಬ್ಬೆರಳು ಒಳಕ್ಕಿಳಿಸಿದಳು, ಬಾಯಿ ತೆರೆಯಿತು, ಗೋಡೆ ಎದ್ದಿತು, ಮರುಕ್ಷಣ ಒಂದು ಕಡೆ ಕುಸಿಯಿತು. ಅಜ್ಜ ತಿದ್ದಿ ಕೊಡಲಿಲ್ಲ. ಮಣ್ಣನ್ನು ಮತ್ತೆ ಮುದ್ದೆ ಮಾಡಿ ಅವಳ ಮುಂದೆಯೇ ಇಟ್ಟರು. ನಾನು ಕಂಡ ಒಳ್ಳೆಯ ಮೇಷ್ಟರುಗಳಲ್ಲೂ ಈ ತಾಳ್ಮೆ ಅಪರೂಪ. ಮುಕ್ಕಾಲು ಗಂಟೆಯ ಪಿರಿಯಡ್ಡಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಕೊನೆಗೆ ಅವಳ ಕುಡಿಕೆ ನಿಂತಿತು, ದಾರದಿಂದ ಅಡಿ ಕೊಯ್ದು ನೆರಳಿಗಿಟ್ಟರು. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ್ನೂ ಹಸಿ, ಹಾಗಾಗಿ ಬಿರುಕು.

ಕಡ್ಡಿಯ ತರಗತಿಗೆ ಬೇಕಾದದ್ದು ಬೆಂಕಿಪೊಟ್ಟಣ ಮತ್ತು ಸೈಕಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಟ್ಯೂಬು. ಕಾನ್ಪುರದ ಐಐಟಿಯಲ್ಲಿ ಇಂಜಿನಿಯರಿಂಗ್ ಓದಿದ ಅರವಿಂದ ಗುಪ್ತ 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋಗಿದ್ದಾಗ ರೂಪಿಸಿದ ಆಟವಿದು. ಕಸದಿಂದ ಆಟಿಕೆ ಮಾಡುವುದನ್ನು ಮಕ್ಕಳಿಗೆ ಕಲಿಸುತ್ತಲೇ ಬಂದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಮದ್ದು ಕೆರೆದ ಕಡ್ಡಿಗಳನ್ನು ಎರಡೂ ಕಡೆಯಿಂದ ತುರುಕಿದರೆ ಕೀಲು ಸಿದ್ಧ. ಮೂರು ಕಡ್ಡಿ ಸೇರಿಸಿದರೆ ತ್ರಿಕೋನ. ಹಿಂಡಿದರೂ ಬಗ್ಗುವುದಿಲ್ಲ. ನಾಲ್ಕು ಸೇರಿಸಿದರೆ ಚೌಕ. ಬೆರಳು ತಾಗಿದರೆ ಸಾಕು, ವಾಲಿಬಿಡುತ್ತದೆ.

ಐದನೇ ತರಗತಿಯ ಹುಡುಗನೊಬ್ಬ ಚೌಕವನ್ನು ನಿಲ್ಲಿಸಿಯೇ ತೀರುತ್ತೇನೆಂದು ಹಟ ಹಿಡಿದ. ಎದುರುಬದುರಿನ ಎರಡು ಮೂಲೆಯ ಟ್ಯೂಬಿಗೆ ಸೂಜಿಯಿಂದ ತೂತು ಮಾಡಿ, ಓರೆಯಾಗಿ ಐದನೆಯ ಕಡ್ಡಿ ಸಿಕ್ಕಿಸಲು ಹೋದ. ಕಡ್ಡಿ ಎಟುಕಲಿಲ್ಲ. ಬೇರೆ ಕಡ್ಡಿ ತಂದ, ಅದೂ ಎಟುಕಲಿಲ್ಲ. ಚೌಕವನ್ನೇ ಒತ್ತಿ ವಾಲಿಸಿ ಸಿಕ್ಕಿಸಿದ, ಗಟ್ಟಿಯಾಗಿ ನಿಂತಿತು. ಆದರೆ ಈಗ ಅದು ಚೌಕವಲ್ಲ, ಬೆನ್ನಿಗೆ ಬೆನ್ನು ಕೊಟ್ಟ ಎರಡು ತ್ರಿಕೋನ. ಚೌಕದ ಕರ್ಣ ಅದರ ಭುಜಕ್ಕಿಂತ ಉದ್ದ ಎಂಬ ಮಾತನ್ನು ಹೈಸ್ಕೂಲಿನಲ್ಲಿ ಅವನಿಗೆ ವರ್ಗಮೂಲದ ಚಿಹ್ನೆ ಹಾಕಿ ಹೇಳಿಕೊಡುತ್ತಾರೆ. ಅದು ಅವನ ಬೆರಳಿಗೆ ಆಗಲೇ ಗೊತ್ತಾಗಿತ್ತು. ಆಮೇಲೆ ಅವನು ತಲೆ ಎತ್ತಿ, ಶಾಲೆಯ ಹೆಂಚಿನ ಮಾಡನ್ನು ಹೊತ್ತು ನಿಂತ ಓರೆ ಮರಗಳನ್ನು ಬೆರಳಿಟ್ಟು ಎಣಿಸತೊಡಗಿದ: “ಸಾರ್, ಇಲ್ಲೆಲ್ಲ ತ್ರಿಕೋನಾನೇ!” ಮಳೆಗಾಲವಿಡೀ ಅದೇ ಮಾಡಿನ ಕೆಳಗೆ ಕೂತು ಪಾಠ ಕೇಳಿದ ಹುಡುಗ ಅವನು.

ಮುಖವಾಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಪತ್ರಿಕೆ, ಮೈದಾ ಅಂಟು, ಊದಿದ ಬಲೂನು. ಪದರದ ಮೇಲೆ ಪದರ ಅಂಟಿಸಬೇಕು, ಒಣಗಲು ಕಾಯಬೇಕು, ಕಾಯುವಾಗ ಹಾಡಬೇಕು.

ಕೈಕೆಲಸದ ಮೂಲಕ ಕಲಿಕೆ ಎಂಬುದು ಇವತ್ತಿನ ಮಾತಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕಸುಬಿನ ಸುತ್ತ ಇಡೀ ಶಿಕ್ಷಣವನ್ನು ಹೆಣೆಯಬೇಕೆಂದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ನಾಟಕ, ಕುಣಿತಗಳನ್ನೇ ಪಾಠವಾಗಿಸಿದರು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸಿಕೊಂಡು ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ 6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಂದು ಊರಿನ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಎಂದು ಬರೆದಿದೆ. ಕೊರತೆ ಇರುವುದು ವಿಚಾರಕ್ಕಲ್ಲ, ಹೊತ್ತಿಗೆ. ಕುಸಿದ ಕುಡಿಕೆಯನ್ನು ಮತ್ತೆ ಎತ್ತುವಷ್ಟು ಹೊತ್ತನ್ನು ನಾವು ಮಕ್ಕಳಿಗೆ ಕೊಡುತ್ತಿಲ್ಲ. ಸಮಾರೋಪದ ಪ್ರದರ್ಶನಕ್ಕೆಂದು ದೊಡ್ಡವರೇ ತಿದ್ದಿ, ಬಣ್ಣ ಬಳಿದು ಸಾಲಾಗಿ ಇಟ್ಟ ಮಡಕೆಗಳನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಶಿಬಿರಕ್ಕೆ ಸೇರಿಸುವ ಮುನ್ನ ಎಷ್ಟು ವಿಷಯ ಕಲಿಸುತ್ತಾರೆ ಎಂದು ಕೇಳಬೇಡಿ, ಒಂದೊಂದಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಕೇಳಿ. ನಿಮ್ಮ ಊರಲ್ಲಿ ಶಿಬಿರವೇ ಇಲ್ಲದಿದ್ದರೆ, ರಜೆಯಲ್ಲಿ ಬೀಗ ಹಾಕಿರುವ ಸರ್ಕಾರಿ ಶಾಲೆಯ ಎರಡು ಕೋಣೆ ತೆರೆಸಿಕೊಡುವಂತೆ ಎಸ್‌ಡಿಎಂಸಿಯವರನ್ನು ಕೇಳಿ. ಊರಿನ ಕುಂಬಾರರನ್ನು, ಬಡಗಿಯನ್ನು, ಬುಟ್ಟಿ ಹೆಣೆಯುವವರನ್ನು ಮೇಷ್ಟರೆಂದೇ ಕರೆತನ್ನಿ. ಅವರ ಒಂದು ದಿನದ ದುಡಿಮೆ ಕೆಡುತ್ತದೆ. ಹಾರ, ಶಾಲಿನ ಜೊತೆಗೆ ದಿನದ ಸಂಭಾವನೆಯನ್ನೂ ತಪ್ಪದೆ ಕೊಡಿ.