ಮಿಶ್ರಿಕೋಟಿಯಲ್ಲಿ ಆರು ದಿನ

ಹುಬ್ಬಳ್ಳಿಯಿಂದ ನೈಋತ್ಯ ದಿಕ್ಕಿಗೆ ಬಸ್ಸಿನಲ್ಲಿ ಹೊರಟ ಪ್ರವಾಸಿಗೆ ಒಂದು ತಾಸಿನೊಳಗಾಗಿಯೇ ಎರಡು ಸೀಮೆಗಳ ದರ್ಶನವಾಗುತ್ತದೆ. ಹಿಂದೆ ಉಳಿಯುವುದು ಎರೆಯ ನೆಲ, ದೃಷ್ಟಿ ಹರಿದಷ್ಟು ದೂರವೂ ಬಯಲಾದ ಬೆಳುವಲ. ಮುಂದೆ ಬರುವುದು ಕೆಂಪು ಬೆರೆತ ಮಣ್ಣು, ಅಲ್ಲಲ್ಲಿ ಕೆರೆಗಳು, ಮಾವಿನ ಗಿಡಗಳು, ಅವುಗಳಾಚೆಗೆ ಮಲೆನಾಡಿನ ನೀಲಿಯ ಅಂಚು. ಈ ಎರಡರ ನಡುವಣ ಸೆರಗಿನಲ್ಲಿ ಕಲಘಟಗಿ ತಾಲೂಕಿನ ಮಿಶ್ರಿಕೋಟಿ ಎಂಬ ಊರು ಇದೆ. ಹೆಸರಿನ ವ್ಯುತ್ಪತ್ತಿಯನ್ನು ಬಲ್ಲವರು ಹೇಳಲಿ. ನಮ್ಮ ಕಿವಿಗಂತೂ ಆ ಹೆಸರಿನಲ್ಲಿ ಅಲ್ಲಿಯ ಮಣ್ಣಿನ ಗುಣವೇ ಕೇಳಿಸಿತು. ಮೇಲ್ಮುದ್ದೆಯ ಮನೆಯೂ ಹಂಚಿನ ಮನೆಯೂ ಒಂದೇ ಓಣಿಯಲ್ಲಿ ನೆರೆಹೊರೆಯಾಗಿ ನಿಂತಿವೆ. ಒಂದು ಹೊಲದಲ್ಲಿ ಹತ್ತಿ, ಮಗ್ಗುಲ ಹೊಲದಲ್ಲಿ ಕೂರಿಗೆಯಿಂದ ಬಿತ್ತಿದ ಭತ್ತ, ಅದರಾಚೆಗೆ ಗೋವಿನಜೋಳ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ ಹಾಕಿಕೊಂಡು ಸಾಲುಸಾಲಾಗಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ನಾವು ಆ ಊರನ್ನು ಮುಟ್ಟಿದೆವು.

ನಾವು ಹೋದದ್ದು ದೇವದರ್ಶನಕ್ಕಲ್ಲ. ಆಪ್ತೇಷ್ಟರ ಮದುವೆಗೂ ಅಲ್ಲ. ಧಾರವಾಡದಲ್ಲಿ ಓದುತ್ತಿರುವ ಐವರು ವಿದ್ಯಾರ್ಥಿಗಳು, ಮೂವರು ಹುಡುಗರು ಮತ್ತು ಇಬ್ಬರು ಹುಡುಗಿಯರು, ಆ ಊರಿನಲ್ಲಿ ಒಂದು ಕಿರುಚಿತ್ರ ತೆಗೆಯುವ ಸಂಕಲ್ಪ ಮಾಡಿದ್ದರು. ಅವರಲ್ಲೊಬ್ಬನು ನಮ್ಮ ಹತ್ತಿರ ಸಂಸ್ಕೃತ ಕಲಿತವನು. ಚಿತ್ರದಲ್ಲಿ ಒಬ್ಬ ಮಾಸ್ತರನ ಪಾತ್ರವಿದೆ, ಹಾಜರಿ ಕೂಗಿ ಬಲ್ಲವರೇ ಬೇಕು, ತಾವೇ ಬರಬೇಕು ಎಂದು ಅವನು ಮನೆಗೆ ಬಂದು ಕೂತನು. ಮೂವತ್ತಾರು ವರ್ಷ ಹಾಜರಿ ಕೂಗಿದ ನಮಗೆ ಆ ಕೆಲಸಕ್ಕೆ ಬೇರೆ ಅಭ್ಯಾಸ ಬೇಕಿರಲಿಲ್ಲ. ನಿವೃತ್ತರ ಕಾಲಕ್ಷೇಪಕ್ಕೆ ಒಂದು ನೆವ ದೊರೆಯಿತೆಂದು ಒಪ್ಪಿಕೊಂಡೆವು.

ಕಥೆ ಚಿಕ್ಕದು. ಐದನೆಯ ಇಯತ್ತೆಯಲ್ಲಿ ಓದುವ ಹುಡುಗಿ. ಮನೆಯಲ್ಲಿ ಎಂಟು ತಿಂಗಳ ಕೂಸು. ತಾಯಿ ಕೂಲಿಗೆ ಹೋಗದಿದ್ದರೆ ಒಲೆ ಉರಿಯದು. ಆದುದರಿಂದ ಕೂಸನ್ನು ನೋಡಿಕೊಳ್ಳಲು ಹುಡುಗಿಯನ್ನು ಶಾಲೆ ಬಿಡಿಸುತ್ತಾರೆ. ಕಡೆಯಲ್ಲಿ ಮಾಸ್ತರನು ಅವಳ ಮನೆಗೆ ಬಂದು, ತಾಯಿಗೆ ತಿಳಿಯಹೇಳಿ, ಹುಡುಗಿಯ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಾನೆ. ಹೀಗೆಂದು ಅವರು ಮೊದಲು ಬರೆದುಕೊಂಡಿದ್ದರು.

ಅವರ ಸಿದ್ಧತೆಯನ್ನು ಕಂಡು ನಮಗೆ ಸಂತೋಷವಾಯಿತು. ಚಿತ್ರವು ಹನ್ನೆರಡು ಮಿನಿಟಿನದು. ಒಂದು ಸೆಕೆಂಡಿಗೆ 24 ಚಿತ್ರಗಳಂತೆ ಲೆಕ್ಕ ಹಾಕಿದರೆ 17,280 ಸ್ಥಿರಚಿತ್ರಗಳು ಒಂದರ ಹಿಂದೊಂದು ಓಡಿ ಈ ಹನ್ನೆರಡು ಮಿನಿಟು ಆಗುತ್ತವೆಂದು ಒಬ್ಬ ಹುಡುಗಿ ನಮಗೆ ವಿವರಿಸಿದಳು. ಯಾವ ದೃಶ್ಯ, ಯಾವ ಹೊತ್ತು, ಬಿಸಿಲು ಯಾವ ಕಡೆಯಿಂದ ಬೀಳಬೇಕು, ಯಾರು ಬೇಕು, ಏನೇನು ಸಾಮಾನು ಬೇಕು ಎಂಬುದನ್ನೆಲ್ಲ ಒಂದು ವಹಿಯಲ್ಲಿ ಕೋಷ್ಟಕ ಮಾಡಿ ಬರೆದಿದ್ದರು. ಮೊಬೈಲೇ ಕ್ಯಾಮರಾ, ಅದಕ್ಕೊಂದು ಮುಕ್ಕಾಲಿ, ಬೆಳಕನ್ನು ಮುಖದ ಮೇಲೆ ತಿರುಗಿಸಲು ಥರ್ಮೋಕೋಲಿನ ಒಂದು ಬಿಳಿಯ ಹಲಗೆ, ಧ್ವನಿ ಹಿಡಿಯಲು ಸಾಲವಾಗಿ ತಂದ ಒಂದು ಯಂತ್ರ. ಹುಡುಗಿಯ ಪಾತ್ರಕ್ಕೆ ಊರಿನ ಒಬ್ಬ ಶಾಲಾಬಾಲಿಕೆಯನ್ನೇ, ಅವಳ ತಂದೆತಾಯಿಗಳ ಒಪ್ಪಿಗೆ ಪಡೆದು, ಆರಿಸಿಕೊಂಡಿದ್ದರು. ಶಾಲೆ ಬಿಡಿಸಿದ ಹುಡುಗಿಯ ಕಥೆಗಾಗಿ ಒಬ್ಬ ಹುಡುಗಿಯ ಶಾಲೆಯನ್ನು ತಪ್ಪಿಸಬಾರದೆಂದು ಅವಳ ದೃಶ್ಯಗಳನ್ನು ಶಾಲೆ ಬಿಟ್ಟ ಮೇಲೆ ಮತ್ತು ರವಿವಾರವೇ ತೆಗೆಯುವ ನೇಮ ಮಾಡಿಕೊಂಡಿದ್ದರು. ಈ ಒಂದು ನೇಮದಿಂದಲೇ ನಮಗೆ ಆ ಹುಡುಗರಲ್ಲಿ ಗೌರವ ಹುಟ್ಟಿತು.

ಇಂಥ ಚಿತ್ರಗಳಿಗೊಂದು ಪರಂಪರೆಯೇ ಇದೆ ಎಂಬುದನ್ನು ಮೊದಲ ರಾತ್ರಿ ಪಡಸಾಲೆಯಲ್ಲಿ ಊಟವಾದ ಮೇಲೆ ಅವರಿಂದಲೇ ಕೇಳಿದೆವು. 1948ರಲ್ಲಿ ಇಟಲಿಯ ಡಿ ಸಿಕಾ ಎಂಬವರು, ಸೈಕಲ್ಲು ಕಳೆದುಕೊಂಡ ಒಬ್ಬ ಬಡವನ ಕಥೆಯನ್ನು, ಕಾರಖಾನೆಯ ಕೂಲಿಕಾರನೊಬ್ಬನನ್ನೇ ನಾಯಕನನ್ನಾಗಿ ಮಾಡಿ, ರೋಮ್ ನಗರದ ಬೀದಿಗಳಲ್ಲಿ ತೆಗೆದರು. ಆ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು 1950ರಲ್ಲಿ ಲಂಡನ್ನಿನಲ್ಲಿ ನೋಡಿದ ಸತ್ಯಜಿತ್ ರಾಯರು ಕಲಕತ್ತೆಗೆ ಮರಳಿ, ಸಮೀಪದ ಬೋರಾಲ್ ಎಂಬ ಹಳ್ಳಿಯಲ್ಲಿ, ಹಣದ ಅಡಚಣೆಯಿಂದ ನಿಂತು ನಿಂತು, 1955ಕ್ಕೆ ‘ಪಥೇರ್ ಪಾಂಚಾಲಿ’ಯನ್ನು ಮುಗಿಸಿದರು. ನಮ್ಮ ನಾಡಿನಲ್ಲಿ 1970ರ ‘ಸಂಸ್ಕಾರ’ವು ಕನ್ನಡಕ್ಕೆ ಮೊದಲ ರಾಷ್ಟ್ರೀಯ ಶ್ರೇಷ್ಠ ಚಿತ್ರ ಪ್ರಶಸ್ತಿಯನ್ನು ತಂದಿತು, ಅದರಲ್ಲಿ ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳು. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ಓದುತ್ತಿದ್ದಾಗ 1975ರಲ್ಲಿ ‘ಅವಶೇಷ್’ ಎಂಬ ವಿದ್ಯಾರ್ಥಿಚಿತ್ರವನ್ನು ಮಾಡಿ, ಎರಡೇ ವರ್ಷಗಳಲ್ಲಿ ‘ಘಟಶ್ರಾದ್ಧ’ದಿಂದ ಸ್ವರ್ಣಕಮಲವನ್ನು ಪಡೆದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಊರವರೇ ಪಾತ್ರಧಾರಿಗಳಾದ ‘ತಿಥಿ’ಗೆ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಮನ್ನಣೆ ದೊರೆಯಿತು. 2024ರಲ್ಲಿ ಮೈಸೂರಿನ ವೈದ್ಯರೊಬ್ಬರು, ಚಿದಾನಂದ ನಾಯಕರು, ಅದೇ ಪುಣೆಯ ಸಂಸ್ಥೆಯ ವಿದ್ಯಾರ್ಥಿಯಾಗಿ ತೆಗೆದ ಹದಿನಾರು ಮಿನಿಟಿನ ಕನ್ನಡ ಚಿತ್ರವು ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗಳಿಸಿತು. ಅದು ಜನಪದ ಕಥೆಯನ್ನು ಆಧರಿಸಿದ್ದು, ಈ ಬಗೆಯದಲ್ಲ. ಆದರೂ ಹುಡುಗರಿಗೆ ಧೈರ್ಯ ಕೊಡಲು ಆ ವಾರ್ತೆಯೊಂದೇ ಸಾಕಾಗಿತ್ತು.

ಇದನ್ನೆಲ್ಲ ಕೇಳಿ ನಾವು ಭರತಮುನಿಯ ಮಾತನ್ನು ತೆಗೆದೆವು. ನಾಟ್ಯದಲ್ಲಿ ಎರಡು ಧರ್ಮಗಳುಂಟು: ಒಂದು ನಾಟ್ಯಧರ್ಮಿ, ಇನ್ನೊಂದು ಲೋಕಧರ್ಮಿ. ಮೊದಲನೆಯದು ಕಲ್ಪಿತವಾದ ಕಟ್ಟಳೆಗಳಿಂದ ನಡೆಯುತ್ತದೆ. ಎರಡನೆಯದು ಲೋಕದ ನಡೆಯನ್ನು ಇದ್ದಂತೆಯೇ ಹಿಡಿಯುತ್ತದೆ. ನಿಮ್ಮದು ಲೋಕಧರ್ಮಿಯಾದ ಕೆಲಸ. ಆದುದರಿಂದ ಲೋಕವನ್ನೇ ಕೇಳಿ ಮಾಡಿರಿ ಎಂದು ಉಪದೇಶಿಸಿದೆವು. ಉಪದೇಶ ಮಾಡುವುದು ಸುಲಭ. ಅದು ಮರಳಿ ನಮ್ಮ ಮೇಲೆಯೇ ಬರುವುದೆಂದು ಆಗ ತಿಳಿದಿರಲಿಲ್ಲ.

ಲೋಕವು ಮರುದಿನವೇ ಮಾತನಾಡಿತು. ಕಲಘಟಗಿಯ ತೊಟ್ಟಿಲುಗಳ ಕೀರ್ತಿಯನ್ನು ವಾಚಕರು ಬಲ್ಲರು. ಬಣ್ಣದಿಂದ ದೇವಾದಿಕರ ಚಿತ್ರಗಳನ್ನು ಬರೆದು, ಮೆರುಗು ಕೊಟ್ಟು ಮಾಡುವ ಆ ಕಟ್ಟಿಗೆಯ ತೊಟ್ಟಿಲು ಉಳ್ಳವರ ಮನೆಯಲ್ಲಿ ತಲೆಮಾರುಗಟ್ಟಲೆ ಬಾಳುತ್ತದೆ. ತಾಲೂಕಿನ ಹೆಸರಾದ ವಸ್ತುವೆಂದು ವಿದ್ಯಾರ್ಥಿಗಳು ಒಂದು ಮನೆಯಿಂದ ಅಂಥ ತೊಟ್ಟಿಲನ್ನು ಬೇಡಿ ತಂದು, ಚಿತ್ರಕ್ಕಾಗಿ ಗೊತ್ತುಮಾಡಿದ್ದ ಬಡಮನೆಯಲ್ಲಿ ತೂಗಹಾಕಿದರು. ಕ್ಯಾಮರಾದಲ್ಲಿ ಅದು ಬಹು ಸೊಗಸಾಗಿ ಕಂಡಿತು. ಆಗ ಆ ಮನೆಯ ಮುದುಕಿಯು ಬಾಗಿಲಲ್ಲಿ ನಿಂತು ನಕ್ಕಳು.

“ಏ ತಮ್ಮಾ, ಕೂಲಿ ಮಾಡವ್ರ ಮನ್ಯಾಗ ಈ ತೊಟ್ಲಾ ಎಲ್ಲಿಂದ ಬರಬೇಕೋ? ಹಳೇ ಸೀರಿ ಇದ್ರ ಜಂತಿಗೆ ಜೋಳಿಗಿ ಕಟ್ಟತೇವಿ. ಅದ ನಮ್ಮ ತೊಟ್ಲಾ.”

ಹುಡುಗರು ಒಂದು ಕ್ಷಣ ಒಬ್ಬರ ಮುಖವನ್ನೊಬ್ಬರು ನೋಡಿದರು. ಬಳಿಕ ತೊಟ್ಟಿಲನ್ನು ಇಳಿಸಿ, ತಂದ ಮನೆಗೆ ಮುಟ್ಟಿಸಿ ಬಂದರು. ಮುದುಕಿಯೇ ತನ್ನ ಮಾಸಿದ ಸೀರೆಯೊಂದನ್ನು ತಂದು, ಎರಡು ಗಂಟು ಹೇಗೆ ಬೀಳಬೇಕು, ಕೂಸಿನ ಭಾರಕ್ಕೆ ಜೋಳಿಗೆಯು ನೆಲದಿಂದ ಎಷ್ಟು ಎತ್ತರ ನಿಲ್ಲಬೇಕು ಎಂಬುದನ್ನು ತೋರಿಸಿ ಕಟ್ಟಿಕೊಟ್ಟಳು. ಅದಕ್ಕೊಂದು ಹಗ್ಗವನ್ನೂ ಬಿಗಿದಳು: ಹುಡುಗಿಯು ದೂರ ಕುಳಿತು ಒಂದು ಕೈಯಿಂದ ರೊಟ್ಟಿ ತಿನ್ನುತ್ತ, ಇಲ್ಲವೆ ಪುಸ್ತಕ ಹಿಡಿದು, ಇನ್ನೊಂದು ಕೈಯಿಂದ ಹಗ್ಗ ಎಳೆದು ತೂಗಬಹುದು. ಆ ಹಗ್ಗದ ವಿಚಾರವು ಪೇಟೆಯಲ್ಲಿ ಬೆಳೆದ ಐವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚಿತ್ರದಲ್ಲಿ ಈಗ ಎಲ್ಲರ ಮನಸ್ಸನ್ನೂ ಹಿಡಿಯುವುದು ಆ ಹಗ್ಗವೇ.

ಮೂರನೆಯ ದಿವಸ ರವಿವಾರ. ಶಾಲೆಯ ಕೋಣೆಯಲ್ಲಿ ನಮ್ಮ ದೃಶ್ಯ. ಊರಿನ ಇಪ್ಪತ್ತು ಮಕ್ಕಳು ಸಾಲಾಗಿ ಕುಳಿತರು. ನಾವು ಹಾಜರಿ ಪುಸ್ತಕವನ್ನು ತೆರೆದು ಹೆಸರು ಕೂಗಿದೆವು. ಹುಡುಗಿಯ ಹೆಸರಿಗೆ ಉತ್ತರವಿಲ್ಲ. ಮರುದಿನದ ಹಾಜರಿ, ಉತ್ತರವಿಲ್ಲ. ಆಮೇಲೆ ಒಂದು ದಿನ ಆ ಹೆಸರಿನ ಮೇಲೆ ಕೆಂಪು ಮಸಿಯ ಗೆರೆ ಎಳೆಯಬೇಕು. ಲೇಖನಿಯನ್ನು ಹಿಡಿದವರು ನಾವು ಎಳೆಯಲಿಲ್ಲ. ಕೈ ನಿಂತಿತು. ನಿರ್ದೇಶಕಿಯಾದ ಹುಡುಗಿಯು, ನಾವು ಅಭಿನಯಿಸುತ್ತಿರುವೆವೆಂದು ತಿಳಿದು, ಕ್ಯಾಮರಾ ನಿಲ್ಲಿಸಲಿಲ್ಲ.

ವಾಚಕರಲ್ಲಿ ಮುಚ್ಚುಮರೆ ಏಕೆ? 1991ರಲ್ಲಿ, ಬೇರೊಂದು ತಾಲೂಕಿನ ಹಳ್ಳಿಯಲ್ಲಿ ನಾವು ತರುಣ ಮಾಸ್ತರರಾಗಿದ್ದಾಗ, ನಮ್ಮ ವರ್ಗದಲ್ಲಿ ಅಂಥ ಹುಡುಗಿಯೊಬ್ಬಳಿದ್ದಳು. ಶಬ್ದರೂಪಗಳನ್ನು ಒಮ್ಮೆ ಕೇಳಿದರೆ ಮರೆಯದವಳು. ಐದನೆಯ ಇಯತ್ತೆಯವಳಿಗೆ ಸಂಸ್ಕೃತವು ಪಾಠವಲ್ಲ. ನಾವು ವಿನೋದಕ್ಕಾಗಿ ಕಲಿಸಿದ್ದು. ಮಳೆಗಾಲದಲ್ಲಿ ಅವಳು ಬರುವುದನ್ನು ಬಿಟ್ಟಳು. ಮನೆಯಲ್ಲಿ ತಮ್ಮ ಹುಟ್ಟಿದ್ದಾನೆ, ತಾಯಿ ಕೂಲಿಗೆ ಹೋಗುತ್ತಾಳೆ ಎಂದು ಮಕ್ಕಳು ಹೇಳಿದರು. ಕೆಲವು ವಾರ ಕಾದು ನಾವು ಪಟದಿಂದ ಅವಳ ಹೆಸರನ್ನು ಕಮಿ ಮಾಡಿದೆವು. ಅವಳ ಮನೆ ಶಾಲೆಯಿಂದ ಎರಡು ಓಣಿ ಆಚೆಗಿತ್ತು. ನಾವು ಹೋಗಲಿಲ್ಲ.

ಆ ಸಂಜೆ ಕಟ್ಟೆಯ ಮೇಲೆ ಕುಳಿತಿದ್ದಾಗ ಇದನ್ನು ಹುಡುಗರಿಗೆ ಹೇಳಿದೆವು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕಡೆಗೆ ನಮ್ಮ ಶಿಷ್ಯನು, “ಗುರುಗಳ, ಯಾಕ್ ಹೋಗಲಿಲ್ರೀ?” ಎಂದು ಮೆಲ್ಲಗೆ ಕೇಳಿದನು.

ಉತ್ತರಗಳು ಬೇಕಾದಷ್ಟಿದ್ದವು. ಒಬ್ಬ ಮಾಸ್ತರ, ಮೂರು ವರ್ಗ. 6 ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಹಕ್ಕನ್ನಾಗಿ ಮಾಡಿದ ಕಾಯಿದೆಯಾದದ್ದು 2009ರಲ್ಲಿ, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, 1991ರಲ್ಲಿ ಅದಿರಲಿಲ್ಲ. ಮಧ್ಯಾಹ್ನದ ಬಿಸಿಯೂಟವಿರಲಿಲ್ಲ. ಕೂಲಿಗೆ ಹೋಗುವ ತಾಯಂದಿರ ಶಿಶುಗಳಿಗಾಗಿ ಗ್ರಾಮಪಂಚಾಯತಿಗಳಲ್ಲಿ ತೆರೆಯತೊಡಗಿದ ‘ಕೂಸಿನ ಮನೆ’ಯ ಯೋಜನೆ 2023ರದು. ಇವೆಲ್ಲವೂ ನಿಜ. ಆದರೆ ಎರಡು ಓಣಿ ನಡೆಯಲು ಕಾಯಿದೆ ಬೇಕಾಗಿರಲಿಲ್ಲ. ಹೆಣ್ಣುಮಗು, ಇಂದಿಲ್ಲ ನಾಳೆ ಬಿಡುವವಳೇ ಎಂದು ನಾವೂ ಊರಿನವರಂತೆಯೇ ತಿಳಿದಿದ್ದೆವು; ಅದೇ ಸತ್ಯ. ಅದನ್ನೇ ಅವನಿಗೆ ಹೇಳಿದೆವು.

ಆ ರಾತ್ರಿ ವಿದ್ಯಾರ್ಥಿಗಳಲ್ಲಿ ದೊಡ್ಡ ವಾದವೇ ನಡೆಯಿತು. ಮಾಸ್ತರನು ಬಂದು ಹುಡುಗಿಯನ್ನು ಕರೆದೊಯ್ಯುವ ಅಂತ್ಯವನ್ನು ಇಡಬೇಕೆಂದು ಇಬ್ಬರು. ನೋಡಿದವರಿಗೆ ಒಳ್ಳೆಯ ಮಾದರಿ ಇರಬೇಕಲ್ಲವೆ ಎಂದು ಅವರ ಯುಕ್ತಿ. ತೆಗೆಯಬೇಕೆಂದು ಮೂವರು. ನಮ್ಮನ್ನು ಕೇಳಿದಾಗ, ಬಾರದ ಮಾಸ್ತರನನ್ನು ಬಂದನೆಂದು ತೋರಿಸಿದರೆ ನೋಡುವ ಮಾಸ್ತರರೆಲ್ಲ ತಾವೂ ಹೋಗಿದ್ದೆವೆಂದೇ ತಿಳಿದು ಸುಖವಾಗಿ ಮನೆಗೆ ಹೋಗುವರು ಎಂದೆವು. ಅಂತ್ಯ ಬದಲಾಯಿತು. ಈಗ ಚಿತ್ರವು, ಕೆಂಪು ಗೆರೆ ಎಳೆದ ಕೈಯಿಂದ, ಜೋಳಿಗೆಯ ಹಗ್ಗ ಎಳೆಯುವ ಸಣ್ಣ ಕೈಗೆ ಬಂದು ನಿಲ್ಲುತ್ತದೆ. ನಾಲ್ಕನೆಯ ದಿವಸ ನಾವು ಮತ್ತೆ ಕುರ್ಚಿಯಲ್ಲಿ ಕುಳಿತು, ಈ ಸಲ ಗೆರೆಯನ್ನು ಎಳೆದೆವು. ಪಾತ್ರ ಮಾಡಿದ ಬಾಲೆಯು ಶಾಲೆ ಬಿಟ್ಟ ಮೇಲೆ ಬಂದವಳು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು. “ಸರ್ರ, ಆ ಹುಡುಗಿ ಮತ್ತ ಸಾಲಿಗೆ ಬರೂದ ಇಲ್ಲೇನ್ರೀ?” ಎಂದು ಕೇಳಿದಳು. ನಮ್ಮಿಂದ ಉತ್ತರ ಕೊಡಲಾಗಲಿಲ್ಲ.

ಕಡೆಯ ದಿನದ ರಾತ್ರಿ ಮಳೆ ಹೊಳವಾಯಿತು. ತೆಗೆದ ಭಾಗಗಳನ್ನು ಹೆಚ್ಚುಕಡಿಮೆ ಜೋಡಿಸಿ, ಊರಿನವರಿಗೆ ತೋರಿಸದೆ ಹೋಗಬಾರದೆಂದು, ಒಂದು ಪಡಸಾಲೆಯ ಗೋಡೆಗೆ ಬಿಳಿಯ ಧೋತರವನ್ನು ಕಟ್ಟಿ ತೋರಿಸಿದರು. ಮೊದಮೊದಲು ತಮ್ಮ ಮನೆ, ತಮ್ಮ ಎತ್ತು, ತಮ್ಮ ಮುಖ ಕಂಡವರೆಲ್ಲ ನಕ್ಕು ಗದ್ದಲ ಮಾಡಿದರು. ಹಗ್ಗದ ದೃಶ್ಯ ಬಂದಾಗ ಸದ್ದು ನಿಂತಿತು. ಭವಭೂತಿಯ ಉತ್ತರರಾಮಚರಿತೆಯ ಮೊದಲ ಅಂಕದಲ್ಲಿ ಸೀತೆಯು ತಮ್ಮ ವನವಾಸದ ಚಿತ್ರಗಳನ್ನು ನೋಡುತ್ತ, ಕಳೆದುಹೋದ ಭಯವನ್ನೇ ಎದುರಿಗೆ ಬಂದಂತೆ ಕಂಡು ನಡುಗುತ್ತಾಳೆ. ಇದು ಚಿತ್ರ ಮಾತ್ರವೆಂದು ರಾಮನು ಸಮಾಧಾನಪಡಿಸುತ್ತಾನೆ. ಎಷ್ಟೋ ಸಲ ಪಾಠ ಹೇಳಿದ ಆ ಸಂದರ್ಭದ ಅರ್ಥ ನಮಗೆ ಅಂದು ಆದಂತೆ ಹಿಂದೆಂದೂ ಆಗಿರಲಿಲ್ಲ.

ಚಿತ್ರ ಮುಗಿದ ಮೇಲೆ ಹಿಂದುಗಡೆ ಕುಳಿತಿದ್ದ, ನಲವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಎದ್ದು ನಿಂತು, “ನನ್ನ ಹೆಸರೂ ಹಿಂಗ ಹೋತ್ರೀ ಮಾಸ್ತರ. ನಾಲ್ಕನೇತ್ತೇದಾಗ,” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳು ನಮ್ಮ ಶಾಲೆಯವಳಲ್ಲ, ನಮ್ಮ ಆ ಹುಡುಗಿಯೂ ಅಲ್ಲ. ಆದರೂ ನಾವು ಎದ್ದು ನಿಂತು, ತಪ್ಪಾಯಿತು ತಾಯಿ, ಎಂದು ಕೈಮುಗಿದೆವು. ಅವಳು ಸೆರಗು ಸರಿಪಡಿಸಿಕೊಂಡು, “ನಿಮ್ದೇನ್ ತಪ್ಪ ಬಿಡ್ರೀ. ನನ್ನ ಮಗಳು ಈಗ ಪೀಯುಸಿ ಓದಾಕತ್ತಾಳ,” ಎಂದು ಹೇಳಿ ಮನೆಯ ಕಡೆಗೆ ಹೋದಳು.

ಮರುದಿನ ಮುಂಜಾನೆಯ ಬಸ್ಸಿಗೆ ನಾವು ಹೊರಟೆವು. ಕೆಂಪು ನೆಲ ಹಿಂದಾಗಿ ಕಪ್ಪು ನೆಲ ಬಂದಿತು. ಕಳೆ ತೆಗೆಯುವವರ ಸಾಲುಗಳು ಎರಡೂ ಕಡೆಗಳಲ್ಲಿ ಹಾಗೆಯೇ ಇದ್ದವು. ಹುಬ್ಬಳ್ಳಿಯಲ್ಲಿ ಇಳಿದವರು ಮನೆಯ ಬಸ್ಸನ್ನು ಹತ್ತಲಿಲ್ಲ. ನಾವು ಮೊದಲು ಕೆಲಸ ಮಾಡಿದ ಆ ಹಳ್ಳಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿ, ಹೊರಡುವವರೆಗೆ ನಿಲ್ದಾಣದ ಬಾಕಿನ ಮೇಲೆ ಕಾದು ಕುಳಿತೆವು. ಮೂವತ್ತು ವರ್ಷಕ್ಕೂ ಮಿಕ್ಕಿ ತಡವಾಗಿತ್ತು. ಮನೆ ಮಾತ್ರ ಶಾಲೆಯಿಂದ ಎರಡು ಓಣಿ ಆಚೆಗೆ.