ಬರೆಯದೆ ಹೋದ ಕೂಲಿ

ನಮಗೆ ಎರಡು ಜಿಲ್ಲೆಗಳಿವೆ. ಕಂದಾಯ ಕಟ್ಟುವಾಗ ನಾವು ತುಮಕೂರಿನವರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಧುಗಿರಿಯವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿಸಿ ಸರ್ಕಾರ ಒಂದು ಶೈಕ್ಷಣಿಕ ಜಿಲ್ಲೆ ಮಾಡಿದೆ. ಇದನ್ನು ಕೇಳಿದ ನಮ್ಮಪ್ಪ, "ಅಂಗಾದ್ರೆ ಓದಿನ ಜಿಲ್ಲೆ ಬೇರೆ, ಬದುಕಿನ ಜಿಲ್ಲೆ ಬೇರೆ ಅನ್ನು" ಎಂದು ನಕ್ಕಿದ್ದ. ನನಗೆ ನಗು ಬರಲಿಲ್ಲ.

ಅಪ್ಪ ಶಿರಾ ಸೀಮೆಯ ಕಂಬಳಿ ನೇಕಾರ. ಉಣ್ಣೆ ಹಿಂಜುವುದು, ಅವ್ವ ನೂಲು ತೆಗೆಯುವುದು, ಹುಣಸೆಬೀಜದ ಗಂಜಿ ಕಾಯಿಸಿ ನೂಲಿಗೆ ಬಳಿಯುವುದು, ಎಲ್ಲ ಮನೆಯಲ್ಲೇ. ಅವನ ಕಂಬಳಿಯ ಮೇಲೆ ನೀರು ಚೆಲ್ಲಿದರೆ ಥಟ್ಟನೆ ಇಳಿಯುತ್ತಿರಲಿಲ್ಲ. ಆದರೆ ಸಂತೆಯಲ್ಲಿ ಉಣ್ಣೆಯ ದುಡ್ಡಿನ ಮೇಲೆ ನಾಲ್ಕು ಕಾಸು ಬಂದರೆ ಸಾಕೆಂದು ಕೊಟ್ಟುಬಿಡುತ್ತಿದ್ದ. ಕೂಲಿ ಬೇಡವೇ ಎಂದರೆ, "ಮನೇರ ಕೈಗೆ ಯಾತರ ಕೂಲಿ?" ಎನ್ನುತ್ತಿದ್ದ.

ಅಪ್ಪನ ಈ ದಡ್ಡತನ ನನಗಿರಬಾರದೆಂದು ಬಿ.ಕಾಂ. ಮಾಡಿದೆ. 1996ರಲ್ಲಿ ಅಪ್ಪ ಹನ್ನೆರಡು ಕುರಿ ಮಾರಿ ಕೊಟ್ಟ ಹಣದಲ್ಲಿ ಮಧುಗಿರಿಯಲ್ಲಿ ದಿನಸಿ ಅಂಗಡಿ ಇಟ್ಟೆ. ಖಾತೆ ಪುಸ್ತಕ ಎಷ್ಟು ಚೆಂದವಿತ್ತೆಂದರೆ ನಮ್ಮ ಮೇಷ್ಟರೂ ಮೆಚ್ಚಬೇಕು. ಕಡಲೆಕಾಯಿ ಬೆಳೆ ಬಂದಾಗ ಕೊಡುತ್ತೇವೆಂದವರಿಗೆಲ್ಲ ಸಾಲ ಕೊಟ್ಟೆ, ಬೆಳೆ ಬರಲಿಲ್ಲ. ಅಂಗಡಿಯಿಂದ ಮನೆಗೆ ಹೋದ ಬೆಲ್ಲ, ಎಣ್ಣೆಯನ್ನು ಬರೆಯಲಿಲ್ಲ. ನನ್ನ ಸಂಬಳವನ್ನಂತೂ ಹಿಡಿಯಲೇ ಇಲ್ಲ. ಇವಕ್ಕೆಲ್ಲ ಪಠ್ಯದಲ್ಲಿ ಹೆಸರುಗಳಿವೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ! ಎರಡೇ ವರ್ಷಕ್ಕೆ ಬಾಗಿಲು ಎಳೆದೆ. ಅಪ್ಪ ಕುರಿಗಳ ಸುದ್ದಿ ಎತ್ತಲಿಲ್ಲ.

ನನ್ನ ಚಿಕ್ಕಮ್ಮನ ಮಗಳು ಪಾವಗಡದ ಕಡೆಗೆ ಸೊಸೆಯಾಗಿ ಹೋದವಳು. ಓದಿದ್ದು ಏಳನೇ ಕ್ಲಾಸು. 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಅವಳ ಪಾಲಿಗೆ ಬಂತು. ಮುಂದೆ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕಿನ ಕೆಲಸ ನಡೆದಾಗ, ಕೂಲಿಯವರಿಗೆ ಮುದ್ದೆ ಊಟದ ಮೆಸ್ ಇಟ್ಟಳು. ಹೋದಾಗ ಪುಸ್ತಕ ನೋಡಿದೆ. ಅಕ್ಕಿ, ರಾಗಿ, ಗ್ಯಾಸು, ಕೊನೆಗೆ ದಿನವೂ ಒಂದು ಸಾಲು: "ನನ್ನ ಕೂಲಿ."

"ಇದ್ಯಾಕಮ್ಮ?"

"ಕೂಲಿ ತೆಗೆದ ಮೇಲೆ ಉಳಿದರೆ ತಾನೆ ಅಣ್ಣ ಲಾಭ? ಇಲ್ಲದಿದ್ರೆ ಇನ್ನೊಬ್ಬರ ಮನೇಲಿ ಪಾತ್ರೆ ತಿಕ್ಕಬೌದಲ್ಲ."

2019ರಲ್ಲಿ ಅಲ್ಲಿಯ ಕೆಲಸ ಮುಗಿಯುತ್ತ ಬಂದಾಗ ಅದೇ ಸಾಲು ಅವಳಿಗೆ ಮೊದಲು ಸುಳಿವು ಕೊಟ್ಟಿತು. ಮೂರು ತಿಂಗಳು ಕೂಲಿ ಹುಟ್ಟದಿದ್ದಾಗ ಪಾತ್ರೆ ಕಟ್ಟಿಕೊಂಡು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಬಂದಳು. ಶುಕ್ರವಾರ ಲಕ್ಷ್ಮಿ ದರ್ಶನಕ್ಕೆ ಬರುವ ಜನಕ್ಕೆ ತಿಂಡಿ ಮಾಡಿದಳು. 2020ರಲ್ಲಿ ಗುಡಿಯ ಬಾಗಿಲು ಮುಚ್ಚಿದಾಗ ಎಷ್ಟೋ ಅಂಗಡಿಯವರು ಸಾಲಕ್ಕೆ ಕೈಚಾಚಿದರು. ಇವಳ ಬಳಿ ಕೂಡಿಟ್ಟ ಕೂಲಿ ಇತ್ತು. ಇಂದೂ ಅವಳ ಒಲೆ ಉರಿಯುತ್ತಿದೆ.

ಅಪ್ಪನಿಗೆ ಕಸಬಿತ್ತು, ನನಗೆ ಓದಿತ್ತು. ತನ್ನ ದುಡಿಮೆಗೂ ಒಂದು ಬೆಲೆಯಿದೆ ಎಂದು ಬರೆದಿಡುವುದು ಇಬ್ಬರಿಗೂ ತಿಳಿಯಲಿಲ್ಲ.

ಅಪ್ಪ ನೇಯ್ದ ಒಂದು ಕಂಬಳಿ ನನ್ನ ಬಳಿ ಉಳಿದಿದೆ. ಮೊನ್ನೆ ಅದಕ್ಕೆಷ್ಟು ದಿನದ ಕೂಲಿ ಹಿಡಿಯಬೇಕೆಂದು ಕಾಗದ ತೆಗೆದುಕೊಂಡು ಕೂತೆ. ಎಷ್ಟು ದಿನ ನೇಯ್ದನೆಂಬುದೇ ಗೊತ್ತಿಲ್ಲ. ಕೇಳೋಣವೆಂದರೆ ಅಪ್ಪ ಇಲ್ಲ.