ಎತ್ತಿಗೆ ಜ್ವರ, ಎಮ್ಮೆಗೆ ಬರೆ

'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ' ಎಂಬುದು ನಮ್ಮ ಹಿರಿಯರ ಗಾದೆ. ರೋಗ ಒಂದೆಡೆ, ಮದ್ದು ಇನ್ನೊಂದೆಡೆ ಆದರೆ ಎತ್ತಿನ ಜ್ವರ ಇಳಿಯದು, ಎಮ್ಮೆಯ ಗಾಯ ಮಾತ್ರ ಉಳಿಯುತ್ತದೆ. ಈ ಗಾದೆಯ ಅರ್ಥವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಅದನ್ನು ಕಣ್ಣಾರೆ ಕಾಣಿಸಿಕೊಟ್ಟದ್ದು ನಮ್ಮ ಮನೆಯ ಕಂಪ್ಯೂಟರು.

ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಸಂಘದಲ್ಲಿ ನನ್ನ ಮಗ ಚಲಿಸುವ ಚಿತ್ರಗಳನ್ನು ಮಾಡಲು ಕಲಿತ. ಆ ಹುಚ್ಚು ಬಿಡಲಿಲ್ಲ. ಪ್ಲಸ್ ಟು ಮುಗಿದ ಮೇಲೆ ಮಂಗಳೂರಿನಿಂದ ಬಿಡಿಭಾಗಗಳನ್ನು ತಂದು ತಾನೇ ಒಂದು ಕಂಪ್ಯೂಟರು ಜೋಡಿಸಿದ. ಅದರಲ್ಲಿ ಬೆಲೆಬಾಳುವ ಭಾಗವೆಂದರೆ ಗ್ರಾಫಿಕ್ಸ್ ಕಾರ್ಡ್. ಪರದೆಯ ಮೇಲೆ ನಾವು ಕಾಣುವುದನ್ನೆಲ್ಲ ಬರೆಯುವುದು ಅದೇ. ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳಿರುತ್ತವೆ. ಅವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಇಷ್ಟು ಕೆಲಸ ಮಾಡುವ ಅದರ ಮುಖ್ಯ ಚಿಪ್ಪಿಗೆ ಬೇಕಾದುದು ಸುಮಾರು ಒಂದು ವೋಲ್ಟ್ ವಿದ್ಯುತ್ತು ಮಾತ್ರ. ಅಷ್ಟು ಸೂಕ್ಷ್ಮ ಜೀವ ಅದು.

ಮೊದಲ ಕಾರ್ಡ್ 2022ರ ಅಕ್ಟೋಬರಿನಲ್ಲಿ ಕೆಟ್ಟಿತು. ವಾರಂಟಿಯಲ್ಲಿ ಬೇರೆಯದು ಬಂತು. ಮುಂದಿನ ಮೇ ತಿಂಗಳಲ್ಲಿ ಅದೂ ಹೋಯಿತು. ಉಳಿತಾಯದ ಹಣದಿಂದ ಮೂರನೆಯದು ತಂದೆವು. ಅಕ್ಟೋಬರಿನಲ್ಲಿ ಅದರ ಕಥೆಯೂ ಮುಗಿಯಿತು. ಕಾರ್ಡೇ ಕಳಪೆ ಎಂದರು ಕೆಲವರು. ಸೆಕೆ ಹೆಚ್ಚಾಯಿತು ಎಂದರು ಇನ್ನು ಕೆಲವರು. 'ಹುಡುಗನ ಕೈಗುಣ ಸರಿಯಿಲ್ಲ' ಎಂದು ನೆಂಟರೊಬ್ಬರು ನಗುತ್ತಲೇ ಅಂದರು. ನಗುವಿನ ಮಾತು ಮಗನಿಗೆ ನಾಟಿತು. 'ಅಮ್ಮಾ, ನನಗಿದು ಆಗದು, ಮಾರಿಬಿಡುವ' ಎಂದ. ಹಣ ಹೋದದ್ದಕ್ಕಿಂತ ಆ ಮಾತೇ ನನಗೆ ಹೆಚ್ಚು ನೋವು ಕೊಟ್ಟಿತು.

'ಮಾರುವ ಮೊದಲು ಕೆಟ್ಟ ದಿನಗಳನ್ನು ಒಂದು ಹಾಳೆಯಲ್ಲಿ ಬರೆ' ಎಂದೆ. ಬರೆದ. ಅಕ್ಟೋಬರ್, ಮೇ, ಅಕ್ಟೋಬರ್. ಸೆಕೆಯೇ ಕಾರಣವಾದರೆ ಅಕ್ಟೋಬರ್ ಏಕೆ? ತೇವವೇ ಕಾರಣವಾದರೆ ಜಡಿಮಳೆಯ ಜೂನ್‌-ಜುಲೈಯಲ್ಲಿ ಏಕಿಲ್ಲ? ಹಾಳೆಯನ್ನು ನೋಡುತ್ತಾ ನೋಡುತ್ತಾ ಅವನೇ ಹೇಳಿದ: 'ಇವು ಸಿಡಿಲಿನ ತಿಂಗಳುಗಳು!' ನಮ್ಮ ಹೊಸಂಗಡಿಯಲ್ಲಿ ಗುಡುಗು ಮಿಂಚುಗಳ ಆರ್ಭಟ ಮುಂಗಾರಿಗೆ ಮುಂಚೆ. ಆಮೇಲೆ ಮಲಯಾಳಿಗಳು ತುಲಾವರ್ಷ ಎನ್ನುವ ಹಿಂಗಾರಿನಲ್ಲಿ.

ಪರಿಚಯದ ಇಲೆಕ್ಟ್ರಿಷಿಯನ್ ಬಂದು ಹುಡುಕಿದಾಗ ಗುಟ್ಟು ಹೊರಬಿತ್ತು. ದೊಡ್ಡ ಪರದೆಯಲ್ಲಿ ಚಿತ್ರ ನೋಡಲೆಂದು ಕಂಪ್ಯೂಟರಿನಿಂದ ಟಿವಿಗೆ ಒಂದು ವಯರು ಹೋಗಿತ್ತು. ಟಿವಿಗೆ ಕಂಬದಿಂದ ಕಂಬಕ್ಕೆ ಹಾದು ಬಂದ ಕೇಬಲ್ ಸೇರಿತ್ತು. ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ದೂರದಲ್ಲಿ ಬಡಿದರೂ ಉದ್ದ ತಂತಿಗಳಲ್ಲಿ ವಿದ್ಯುತ್ತು ನುಗ್ಗುತ್ತದೆ. ಅದು ಕೇಬಲಿನಿಂದ ಟಿವಿಗೆ, ಅಲ್ಲಿಂದ ನೇರ ಕಾರ್ಡಿಗೆ ಬರುತ್ತಿತ್ತು. ಗೋಡೆಯ ಸ್ವಿಚ್ಚು ಆರಿಸಿದರೆ ಈ ದಾರಿ ಮುಚ್ಚುವುದಿಲ್ಲ. ಸಾಲದೆಂಬಂತೆ ಅರ್ಥಿಂಗಿನ ಹಸಿರು ತಂತಿ ಅಂಗಳದ ಗುಂಡಿಯಲ್ಲಿ ತುಕ್ಕು ಹಿಡಿದು ತುಂಡಾಗಿತ್ತು. ಬರಿಗಾಲಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದ್ದುದು ಅದರಿಂದಲೇ.

ಮುರಕಲ್ಲಿನ ನೆಲವನ್ನು ಆಳಕ್ಕೆ ಅಗೆದು, ಪೈಪು ಹುಗಿದು, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿಸಿದೆವು. ಬೇಸಗೆಯಲ್ಲಿ ಆ ಗುಂಡಿಗೆ ನೀರು ಹೊಯ್ಯುತ್ತೇವೆ. ಮೋಡ ಕಪ್ಪಾದರೆ ಮೊದಲು ಕಳಚುವುದು ಟಿವಿಯ ವಯರು. ನಾಲ್ಕನೆಯ ಕಾರ್ಡ್ ಈಗಲೂ ನಡೆಯುತ್ತಿದೆ.

ವಿದ್ಯಾರ್ಥಿಗಳೇ, ಇದು ಕಂಪ್ಯೂಟರಿನ ಮಾತು ಮಾತ್ರವಲ್ಲ. ನಿಮ್ಮಲ್ಲಿ ಹಲವರು 'ಧನ' ಎಂದು ಬರೆಯಬೇಕಾದಲ್ಲಿ 'ದನ' ಎಂದು ಬರೆಯುತ್ತೀರಿ. ಕೆಂಪು ಶಾಯಿಯಿಂದ ಎಷ್ಟು ತಿದ್ದಿದರೂ ಅದೇ ತಪ್ಪು. ಮನೆಯಲ್ಲಿ ತುಳು ಆಡುವ ಮಕ್ಕಳಿಗೆ ಮಹಾಪ್ರಾಣ ಕಿವಿಗೆ ಬೀಳುವುದೇ ಅಪರೂಪ. ಅಚ್ಚ ತುಳು ಶಬ್ದಗಳಲ್ಲಿ ಅದು ಇಲ್ಲ. ಹಾಗಾಗಿ ಮೊದಲು ಬಾಯಿಯ ಮುಂದೆ ಅಂಗೈ ಹಿಡಿದು, ಉಸಿರು ತಾಗುವಂತೆ ಗಟ್ಟಿಯಾಗಿ ಹೇಳಿಸುತ್ತೇನೆ. ಆಮೇಲೆ ಬರೆಸುತ್ತೇನೆ.

ಹೆತ್ತವರಲ್ಲಿಯೂ ಒಂದು ವಿನಂತಿ. ಮಗು ಒಂದೇ ವಿಷಯದಲ್ಲಿ ಮತ್ತೆ ಮತ್ತೆ ಸೋತರೆ 'ದಡ್ಡ' ಎಂಬ ಬರೆ ಎಳೆಯಬೇಡಿ. ಯಾವಾಗ, ಎಲ್ಲಿ ಸೋತಿತು ಎಂದು ಮಗುವಿನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ತುಂಡಾದ ತಂತಿ ಬೇರೆಲ್ಲೋ ಇದ್ದೀತು.